ನಮ್ಮನೆಯ ಹೊಸ ಕಾರ್ಪೆಟ್ಟು ಮತ್ತು ‘ಹೋಗ್ಲಿ ಬಿಡು’

ನಮ್ಮ ಅಜ್ಜಿಗೆ ಎಪ್ಪತ್ತೆಂಟು ವರ್ಷ. ನನಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ, ಸಂಜೆ ಐದು ಗಂಟೆಗೆ ಹಾಲಿಗೆ ಬಂದು, ಬಾಗಿಲ ಪಕ್ಕದ ಮರದ ಕುರ್ಚಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವುದು ಅವಳ ರೂಢಿ. ಈ ವರ್ಷದ ಮಳೆಗಾಲದಲ್ಲಿ ಹೆಚ್ಚು ದಿನ ಆ ಕುರ್ಚಿ ಖಾಲಿಯೇ ಇತ್ತು. ಅಜ್ಜಿಗೆ ಕಾಯಿಲೆಯೇನೂ ಇರಲಿಲ್ಲ. ಕಾರಣ, ಮೂರು ಇಂಚು ಅಗಲದ ಒಂದು ಕಾರ್ಪೆಟ್ ತುಂಡು.

ಕೇಳಿದರೆ ನಗು ಬರಬಹುದು. ನಮಗೂ ಮೊದಮೊದಲು ನಗುವೇ ಬಂದಿತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಮನೆ. ಅಜ್ಜ ಹಾಕಿಸಿದ ರೆಡ್ ಆಕ್ಸೈಡ್ ನೆಲ. ಒಂದು ಕಾಲದಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿತ್ತಂತೆ. ಈಗ ಅಲ್ಲಲ್ಲಿ ಬಿರುಕು, ಮಾಸಿದ ಬಣ್ಣ. ಮೇ ತಿಂಗಳಲ್ಲಿ ಅಕ್ಕನ ನಿಶ್ಚಿತಾರ್ಥ ಮನೆಯಲ್ಲೇ ಎಂದು ತೀರ್ಮಾನವಾದಾಗ ಎಲ್ಲರ ಕಣ್ಣು ಬಿದ್ದಿದ್ದು ಆ ನೆಲದ ಮೇಲೆ. ಟೈಲ್ಸ್ ಹಾಕಿಸಲು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಅಪ್ಪ ಕಾರ್ಪೆಟ್ ನೋಡಿ ಬಂದರು. ಕಾರ್ಪೆಟ್ ಎಂದರೆ ಸಿನಿಮಾದಲ್ಲಿ ಕಾಣುವ ಉಣ್ಣೆಯ ರತ್ನಗಂಬಳಿ ಅಲ್ಲ. ನಮ್ಮ ಕಡೆ ಎಲ್ಲರೂ ಕಾರ್ಪೆಟ್ ಎನ್ನುವುದು ರೋಲಿನಲ್ಲಿ ಬರುವ ಪಿವಿಸಿ ಹಾಳೆಗೆ. ಮರದ ಹಲಗೆಯ ಡಿಸೈನು. ಚದರಡಿಗೆ 28 ರೂಪಾಯಿ. ನಮ್ಮ ಹಾಲು 18 ಅಡಿ ಉದ್ದ, 12 ಅಡಿ ಅಗಲ. ಕಾರ್ಪೆಟ್ಟಿಗೆ 6,048 ರೂಪಾಯಿ, ಹಾಸಿಕೊಡಲು 1,500. ‘ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರ್ತದೆ ಸರ್’ ಎಂದು ಅಂಗಡಿಯವರು ಹೇಳಿದ್ದಕ್ಕೆ, ಒಂದು ಚೀಟಿಯ ಮೇಲೆ ಮೊತ್ತ ಬರೆಸಿಕೊಂಡು ಅಪ್ಪ ಮನೆಗೆ ಬಂದರು.

ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನ ಹನ್ನೆರಡಕ್ಕೆ ಹಾಸುವ ಹುಡುಗ ಬಂದ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಬೈಕಿನ ಹಿಂದೆ ಕಟ್ಟಿದ್ದ ರೋಲುಗಳನ್ನು ಇಳಿಸಿ, ಬಿಚ್ಚಿ, ಆರಾರು ಅಡಿಯ ಎರಡು ಹಾಳೆಗಳನ್ನು ಅಕ್ಕಪಕ್ಕ ಹಾಸಿ, ಅಂಚಿಗಷ್ಟೇ ಗಮ್ ಹಚ್ಚಿ, ನಡುವಿನ ಜೋಡಣೆಗೆ ಎರಡೂ ಬದಿ ಅಂಟುವ ಟೇಪ್ ಒತ್ತಿ, ಮೂರು ಗಂಟೆಗೆ ಮುಗಿಸಿಬಿಟ್ಟ. ಅವನಿಗೆ ಅವತ್ತು ಇನ್ನೂ ಎರಡು ಮನೆ ಇತ್ತು. ಒಂದು ಕಡೆ ಗೋಡೆಗೂ ಕಾರ್ಪೆಟ್ಟಿಗೂ ನಡುವೆ ಸಂದು ಉಳಿದಿತ್ತು. ಒಂದು ತುದಿಯಲ್ಲಿ ಏನೂ ಇಲ್ಲ, ಇನ್ನೊಂದು ತುದಿಗೆ, ಅಂದರೆ ಅಡುಗೆಮನೆ ಬಾಗಿಲ ಹತ್ತಿರ ಬರುವ ಹೊತ್ತಿಗೆ ಮೂರು ಇಂಚು. ಅದಕ್ಕೊಂದು ಪಟ್ಟಿ ಕತ್ತರಿಸಿ ಅಂಟಿಸಿ ಹೋದ.

ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಬಂದವರೆಲ್ಲ ನೆಲ ನೋಡಿ ಹೊಗಳಿದರು. ಫೋಟೊಗಳಲ್ಲಿ ಹಾಲು ಯಾವುದೋ ರೆಸಾರ್ಟಿನ ಹಾಗೆ ಕಾಣುತ್ತದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಹಾಸ್ಟೆಲಿನಿಂದ ವಾರಾಂತ್ಯಕ್ಕೆ ಮನೆಗೆ ಹೋದಾಗ ಹಾಲಿನ ಮಧ್ಯೆ ತಟ್ಟೆಯಗಲದ ಒಂದು ಉಬ್ಬು. ಮುಂದಿನ ಸಲ ಹೋದಾಗ ಮೂರು ಉಬ್ಬು. ನಡುವಿನ ಜೋಡಣೆ ಬಾಯಿ ಬಿಟ್ಟಿತ್ತು. ಕಾಲಿಟ್ಟರೆ ಪಚಕ್ ಎನ್ನುತ್ತಿತ್ತು. ಒದ್ದೆ ಗೋಣಿಚೀಲದಂಥ ವಾಸನೆ ಬೇರೆ. ‘ಕೆಳಗೆ ನೆಲ ಬೆವರ್ತಾ ಇದೆ ಕಣೆ’ ಎಂದು ಅಜ್ಜಿ ಮೊದಲ ವಾರವೇ ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಮಾಡಿದ ಉಪಾಯಗಳನ್ನು ಪಟ್ಟಿ ಮಾಡಿದರೆ ನೀವು ಖಂಡಿತ ನಗುತ್ತೀರಿ. ನಿಮ್ಮ ಮನೆಯಲ್ಲೂ ಇಂಥದ್ದೇ ನಡೆದಿರುತ್ತದೆ. ದೊಡ್ಡ ಉಬ್ಬಿನ ಮೇಲೆ ಟೀಪಾಯಿ ಇಟ್ಟೆವು. ಜೋಡಣೆ ಮುಚ್ಚಲು ಸೋಫಾ ಎಳೆದೆವು. ಎರಡನೇ ಉಬ್ಬಿನ ಮೇಲೆ ನನ್ನ ಹಳೆಯ ಪುಸ್ತಕಗಳ ಪೆಟ್ಟಿಗೆ. ಅಡುಗೆಮನೆ ಬಾಗಿಲ ಬಳಿ ಆ ಮೂರು ಇಂಚಿನ ಪಟ್ಟಿ ಸುರುಳಿ ಸುತ್ತಿಕೊಂಡು ಏಳತೊಡಗಿದಾಗ ಅಮ್ಮ ಅದರ ಮೇಲೆ ಕಾಲೊರೆಸುವ ಮ್ಯಾಟ್ ಹಾಕಿದಳು. ‘ಅಂಗಡಿಯವರನ್ನ ಕೇಳಬಾರ್ದಾ ಅಪ್ಪ?’ ಎಂದರೆ, ‘ಹೋಗ್ಲಿ ಬಿಡು ಮಾರಾಯ್ತಿ, ಇಷ್ಟಕ್ಕೆಲ್ಲ ಎಂತ ಜಗಳ? ದೀಪಾವಳಿ ಹೊತ್ತಿಗೆ ನೋಡುವ’ ಎಂದರು. ನಾನೂ ಸುಮ್ಮನಾದೆ. ಸುಮ್ಮನಾಗಲು ನನ್ನದೇ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಜುಲೈನ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬರುತ್ತಿದ್ದ ಅಜ್ಜಿಯ ಹೆಬ್ಬೆರಳು ಆ ಮ್ಯಾಟಿನ ಕೆಳಗಿನ ಪಟ್ಟಿಗೆ ಸಿಕ್ಕಿಕೊಂಡಿತು. ಪಕ್ಕಕ್ಕೆ ಬಿದ್ದಳು. ಕುರ್ಚಿಯ ಕೈ ಅಡ್ಡ ಬಂದಿದ್ದರಿಂದ ತಲೆ ಉಳಿಯಿತು. ಮಣಿಕಟ್ಟು ಬಾತುಕೊಂಡಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ಗೊತ್ತಾದಾಗ ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಡಾಕ್ಟರು ಬ್ಯಾಂಡೇಜ್ ಸುತ್ತುತ್ತಾ, ‘ಮನೇಲಿ ಎಡವುವಂಥದ್ದು, ಜಾರುವಂಥದ್ದು ಏನಾದ್ರೂ ಇದೆಯಾ?’ ಎಂದು ಕೇಳಿದರಂತೆ. ಅಪ್ಪ ಅಮ್ಮ ಇಬ್ಬರೂ ಉತ್ತರ ಕೊಡಲಿಲ್ಲವಂತೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ವಯಸ್ಸಾದವರು ಬಿದ್ದರೆ ‘ವಯಸ್ಸಾಯ್ತಲ್ಲ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಮ್ಮ ಅಜ್ಜಿ ಬಿದ್ದಿದ್ದು ವಯಸ್ಸಿನಿಂದಲ್ಲ. ಎರಡು ತಿಂಗಳಿನಿಂದ ಮನೆಮಂದಿಗೆಲ್ಲ ಗೊತ್ತಿದ್ದ, ಮನೆಮಂದಿಯೆಲ್ಲ ಮುಚ್ಚಿಟ್ಟಿದ್ದ ಒಂದು ತಪ್ಪಿನಿಂದ.

ಬ್ಯಾಂಡೇಜ್ ಬಿಚ್ಚಿದ ಮೇಲೂ ಅಜ್ಜಿ ಹಾಲಿಗೆ ಬರಲಿಲ್ಲ. ಊಟ, ಕಾಫಿ ಎಲ್ಲ ಒಳಕೋಣೆಯಲ್ಲೇ. ಕರೆದರೆ, ‘ಹೋಗ್ಲಿ ಬಿಡೆ ಪುಟ್ಟಿ, ನಂಗೆ ಇಲ್ಲೇ ಆರಾಮ’ ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಅಡ್ಜಸ್ಟ್ ಮಾಡಿಕೊಂಡೆವು ಎಂದುಕೊಂಡಿದ್ದೆವಲ್ಲ, ನಿಜವಾಗಿ ಅಡ್ಜಸ್ಟ್ ಮಾಡಿಕೊಂಡಿದ್ದು ಅವಳೊಬ್ಬಳೇ. ನಾವೆಲ್ಲ ಉಬ್ಬನ್ನು ದಾಟಿ ನಡೆಯುವುದನ್ನು ಕಲಿತೆವು. ದಾಟಲಾಗದವಳು ಒಳಗೆ ಕೂತಳು.

ಆ ವಾರ ನಾನೇ ಅಪ್ಪನನ್ನು ಎಳೆದುಕೊಂಡು ಅಂಗಡಿಗೆ ಹೋದೆ. ಫೋನಿನಲ್ಲಿ ಫೋಟೊ, ಬಾಯಿ ತುಂಬ ಸಿಟ್ಟು. ಅಂಗಡಿಯವರು ಸಮಾಧಾನದಿಂದಲೇ ಒಂದು ಹಳೆಯ ಪುಸ್ತಕ ತೆಗೆದು ತೋರಿಸಿದರು. ‘ಅಳತೆ ನಮ್ಮ ಹುಡುಗ ತಗೊಂಡಿದ್ದಲ್ಲ ಸರ್. ನಿಮ್ಮ ಮಗಳೇ ಫೋನಲ್ಲಿ ಹೇಳಿದ್ದು. ಸಿವಿಲ್ ಇಂಜಿನಿಯರಿಂಗ್ ಓದ್ತಾಳೆ, ಅಳತೆ ಪಕ್ಕಾ ಇರ್ತದೆ ಅಂತ ನೀವೇ ಹೇಳಿದ್ರಿ.’

ಸುಮ್ಮನಾಗಲು ನನಗಿದ್ದ ಕಾರಣ ಇದೇ. ಅಳತೆ ತೆಗೆದವಳು ನಾನು. ಬಾಗಿಲ ಬಳಿ ಟೇಪ್ ಹಿಡಿದೆ, 12 ಅಡಿ ಬಂತು, ಬರೆದುಕೊಂಡೆ. ಇನ್ನೊಂದು ತುದಿಯಲ್ಲಿ ಅಳೆಯಲಿಲ್ಲ. ಹಳೆಯ ಮನೆಯ ಗೋಡೆಗಳು ಮೂಲೆಮಟ್ಟಕ್ಕೆ ಇರುವುದಿಲ್ಲ. ನಮ್ಮ ಹಾಲು ಅಡುಗೆಮನೆ ಕಡೆಗೆ ಅಗಲವಾಗುತ್ತಾ ಹೋಗಿ 12 ಅಡಿ 3 ಇಂಚು ಆಗುತ್ತದೆ. ಸರ್ವೆಯಿಂಗ್ ಪಾಠದಲ್ಲಿ ‘ಚೆಕ್ ಲೈನ್’ ಎಂದು ಬರುತ್ತದೆ. ಅಳೆದಿದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಹೆಚ್ಚುವರಿಯಾಗಿ ಎಳೆಯುವ ಗೆರೆ. ಅದರ ಬಗ್ಗೆ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ನಮ್ಮ ಮನೆಯ ಹಾಲಿಗೆ ಒಂದು ಮೂಲೆಯಿಂದ ಎದುರು ಮೂಲೆಗೆ ಎರಡು ಸಲ ಟೇಪ್ ಹಿಡಿದಿದ್ದರೆ ಸಾಕಿತ್ತು. ಎರಡೂ ಸಮ ಬರದಿದ್ದರೆ ಕೋಣೆ ಚೌಕಟ್ಟಾಗಿಲ್ಲ ಎಂದು ಅಲ್ಲೇ ಗೊತ್ತಾಗುತ್ತಿತ್ತು.

ಅಂಗಡಿಯಿಂದ ತಲೆ ತಗ್ಗಿಸಿ ಬಂದೆ. ಆದರೆ ಮನೆಗೆ ಬಂದು ಕಾರ್ಪೆಟ್ಟಿನ ಒಂದು ಅಂಚು ಎತ್ತಿ ನೋಡಿದಾಗ, ತಪ್ಪು ನನ್ನೊಬ್ಬಳದೇ ಅಲ್ಲ ಎಂದೂ ಅರ್ಥವಾಯಿತು.

ಮೊದಲನೆಯದು, ನೆಲದ ತೇವ. ನಮ್ಮ ಮನೆಯ ಅಡಿಪಾಯ ಜಂಬಿಟ್ಟಿಗೆ ಕಲ್ಲಿನದು. ಆ ಕಾಲದಲ್ಲಿ ತೇವ ತಡೆಯುವ ಪದರ, ಅಂದರೆ ನಾವು ಪಾಠದಲ್ಲಿ ಓದುವ ಡಿಪಿಸಿ, ಹಾಕಿರಲಿಲ್ಲ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಮಣ್ಣಿನ ನೀರು ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ. ಇಷ್ಟು ವರ್ಷ ಅದು ನೆಲದಿಂದ ಗಾಳಿಗೆ ಆರಿ ಹೋಗುತ್ತಿತ್ತು. ಪಿವಿಸಿ ಹಾಳೆಯಿಂದ ನೀರಾವಿ ಸುಲಭಕ್ಕೆ ಹೊರಬರುವುದಿಲ್ಲ. ತೇವ ಅಡಿಯಲ್ಲೇ ನಿಂತು ಗಮ್ ಬಿಡಿಸಿತು, ಕಪ್ಪು ಬೂಷ್ಟು ಹಿಡಿಸಿತು. ಅಜ್ಜಿ ಹೇಳಿದ ‘ನೆಲ ಬೆವರ್ತಾ ಇದೆ’ ಎಂಬುದು ಅಕ್ಷರಶಃ ಸರಿಯಾಗಿತ್ತು.

ಎರಡನೆಯದು, ಅವಸರ. ಸುತ್ತಿಟ್ಟ ಹಾಳೆಯನ್ನು ಬಿಚ್ಚಿ ಕನಿಷ್ಠ ಒಂದು ದಿನ ಅದೇ ಕೋಣೆಯಲ್ಲಿ ಸುಮ್ಮನೆ ಹಾಸಿ ಬಿಡಬೇಕು. ಸುರುಳಿಯ ಬಾಗು ಹೋಗಿ, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಕತ್ತರಿಸಬೇಕು. ಪಿವಿಸಿ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ನಮ್ಮದನ್ನು ಮೇ ತಿಂಗಳ ಮಧ್ಯಾಹ್ನ, ಬಿಸಿಲಿನಲ್ಲಿ ಬೈಕಿನ ಮೇಲೆ ಬಂದಿದ್ದನ್ನು ಹಾಗೆಯೇ ಕತ್ತರಿಸಿ ಅಂಟಿಸಲಾಗಿತ್ತು. ಮಳೆಗಾಲದ ತಂಪಿಗೆ ಜೋಡಣೆ ಬಾಯಿ ಬಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು, ಜೋಡಣೆಯ ಜಾಗ. ಎಲ್ಲರೂ ಓಡಾಡುವ ದಾರಿಯ ಮೇಲೆ ಜೋಡಣೆ ಬರಬಾರದು. ನಮ್ಮ ಹಾಲಿನಲ್ಲಿ ಅದು ಬಂದಿದ್ದು ಸರಿಯಾಗಿ ನಡುವೆ. ತೆಳು ಪಟ್ಟಿಯನ್ನು ಬಾಗಿಲ ಬಳಿ ಅಂಟಿಸಲೇಬಾರದು. ನಮ್ಮಲ್ಲಿ ಅದು ಬಂದಿದ್ದು ದಿನಕ್ಕೆ ನೂರು ಸಲ ದಾಟುವ ಅಡುಗೆಮನೆ ಬಾಗಿಲಿಗೆ.

ಇದರಲ್ಲಿ ಯಾವುದೂ ರಾಕೆಟ್ ವಿಜ್ಞಾನವಲ್ಲ. ನೆಲದಲ್ಲಿ ತೇವ ಇದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟರೆ ಸಾಕು. ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಇದೆ ಎಂದರ್ಥ. ಮಲೆನಾಡಿನಲ್ಲಿ ಇದನ್ನು ಬೇಸಿಗೆಯಲ್ಲಿ ಮಾಡಿ ನಂಬಬೇಡಿ, ಮಳೆಗಾಲದಲ್ಲಿ ಮಾಡಿ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ‘ಹೋಗ್ಲಿ ಬಿಡು’, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ’ ಎನ್ನುವುದನ್ನು ನಾವು ಕನ್ನಡಿಗರು ಒಂದು ಗುಣ ಎಂದೇ ಹೇಳಿಕೊಳ್ಳುತ್ತೇವೆ. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಕೊಡುವುದು ಖಂಡಿತ ಗುಣ. ಅಲ್ಲಿ ಕಷ್ಟ ನಮ್ಮದು, ಅನುಕೂಲ ಇನ್ನೊಬ್ಬರದು. ಆದರೆ ಕೆಟ್ಟ ಕೆಲಸವನ್ನು ಹೋಗ್ಲಿ ಬಿಡು ಎನ್ನುವಾಗ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಜಗಳ ತಪ್ಪಿದ ಅನುಕೂಲ ನಮ್ಮದು, ಕಷ್ಟ ಮನೆಯ ಅತ್ಯಂತ ದುರ್ಬಲರದು. ಇಳಿಜಾರು ಸರಿಯಿಲ್ಲದ ಬಚ್ಚಲು, ಒಂದು ಮೆಟ್ಟಿಲು ಮಾತ್ರ ಎತ್ತರವಾದ ಮೆಟ್ಟಿಲುಸಾಲು, ರಸ್ತೆಯ ಮಧ್ಯೆ ಎದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳ, ಎಲ್ಲವೂ ಹೀಗೆಯೇ. ಗಟ್ಟಿ ಕಾಲಿನವರು ದಾಟಿಕೊಂಡು ಹೋಗುತ್ತಾರೆ.

ಏಳೂವರೆ ಸಾವಿರ ರೂಪಾಯಿಗೆ ಇಷ್ಟು ರಂಪ ಬೇಕಾ ಎಂದು ನೀವು ಕೇಳಬಹುದು. ಅಪ್ಪನ ಪ್ರಶ್ನೆಯೂ ಅದೇ ಆಗಿತ್ತು. ಜೊತೆಗೆ ಅವರಿಗೆ ಇನ್ನೊಂದು ಅಳುಕಿತ್ತು. ‘ನಾವು ದೂರು ಹೇಳಿದ್ರೆ ಆ ಹುಡುಗನ ಕೂಲಿ ಹಿಡೀತಾರೆ ಕಣೆ. ಪಾಪ.’ ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದಿನಕ್ಕೆ ಮೂರು ಮನೆ ಮುಗಿಸಬೇಕೆಂದು ಕಳಿಸಿದವರು ಬೇರೆ, ಬೈಸಿಕೊಳ್ಳುವವನು ಬೇರೆ. ಅದಕ್ಕೇ ಕೇಳುವಾಗ ಯಾರನ್ನು ಕೇಳುತ್ತಿದ್ದೇವೆ ಎಂಬುದು ಮುಖ್ಯ. ಎರಡನೇ ಸಲ ಅಂಗಡಿಗೆ ಹೋದಾಗ ನಾವು ಮೊದಲು ಒಪ್ಪಿಕೊಂಡಿದ್ದು ನಮ್ಮ ತಪ್ಪನ್ನು. ‘ಅಳತೆ ನಂದೇ ತಪ್ಪು. ಆದರೆ ಹಾಸುವ ಮುಂಚೆ ಅಳತೆ ಸರಿ ಇದೆಯಾ, ನೆಲ ಒಣಗಿದೆಯಾ ಅಂತ ನೋಡೋದು ಹಾಸುವವರ ಕೆಲಸ. ಅದಕ್ಕೇ ಅಲ್ವಾ 1,500 ತಗೊಂಡಿದ್ದು? ಅಷ್ಟು ಹೊತ್ತು ಆ ಹುಡುಗನಿಗೆ ಕೊಡದೇ ಇದ್ದಿದ್ದು ನೀವು’ ಎಂದೆ. ಧ್ವನಿ ಏರಿಸಲಿಲ್ಲ. ಹೇಳುವಾಗ ಕೈ ಮಾತ್ರ ನಡುಗುತ್ತಿತ್ತು.

ಹೋಗುವ ಮುಂಚೆ ಕಾನೂನು ಓದಿಕೊಂಡಿದ್ದೆ. ನನ್ನ ವಯಸ್ಸಿನವರಿಗೆ ಇದು ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇನೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ದೋಷದಂತೆಯೇ ಸೇವೆಯ ಕೊರತೆಗೂ ಪರಿಹಾರ ಕೇಳಬಹುದು. ಹಾಸುವುದಕ್ಕೆ ದುಡ್ಡು ತೆಗೆದುಕೊಂಡರೆ ಅದು ಸೇವೆ. ಬಿಲ್ ಅಥವಾ ರಸೀದಿ ಕೊಡದಿರುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ತೊಂದರೆಯಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನಾವು ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಲ್ಲಿವರೆಗೆ ಹೋಗುವ ಮುಂಚೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ವಿಚಾರಿಸಬಹುದು. ನಮ್ಮ ಕೈಯಲ್ಲಿದ್ದಿದ್ದು ಒಂದು ಚೀಟಿ ಮತ್ತು ಫೋಟೊಗಳು. ಜಿಎಸ್‌ಟಿ ಉಳಿಸಲು ಹೋಗಿ ಬಿಲ್ ಬಿಟ್ಟಿದ್ದು ಎಂಥ ದಡ್ಡತನ ಎಂದು ಅಪ್ಪನಿಗೆ ಅವತ್ತು ಅರ್ಥವಾಯಿತು. ಬಿಲ್ ಕೇಳುವುದು ಅಂಗಡಿಯವರ ಮೇಲಿನ ಅನುಮಾನವಲ್ಲ. ನಾಳೆ ಮಾತಾಡಲು ನಮಗಿರುವ ಆಧಾರ.

ಕಾನೂನಿನವರೆಗೆ ಹೋಗಬೇಕಾಗಿ ಬರಲಿಲ್ಲ. ಸ್ವಲ್ಪ ಹೊತ್ತು ವಾದ ನಡೆದ ಮೇಲೆ ಅಂಗಡಿಯವರು 1,500 ವಾಪಸ್ ಕೊಟ್ಟರು. ಹಾಳೆ ಅಳತೆಗೆ ಕತ್ತರಿಸಿದ್ದರಿಂದ ವಾಪಸ್ ತೆಗೆದುಕೊಳ್ಳಲಾಗದು ಎಂದರು. ತಪ್ಪಿನಲ್ಲಿ ನಮ್ಮ ಪಾಲೂ ಇದ್ದಿದ್ದರಿಂದ ಒಪ್ಪಿಕೊಂಡೆವು. ಬೇರೆ ಕಡೆ ಹಾಸುವುದಾದರೆ ಹುಡುಗನನ್ನು ನಮ್ಮ ಖರ್ಚಿನಲ್ಲೇ ಕಳಿಸುತ್ತೇವೆ, ಕೂಲಿ ಹಿಡಿಯುವುದಿಲ್ಲ ಎಂದೂ ಹೇಳಿದರು.

ಗಣೇಶನ ಹಬ್ಬಕ್ಕೆ ಮುಂಚೆ ಅದೇ ಹುಡುಗ ಬಂದ. ಹಾಲಿನ ಕಾರ್ಪೆಟ್ ಪೂರ್ತಿ ಎತ್ತಿದೆವು. ತೊಳೆದು ಒಣಗಿಸಿ, ತೇವವಿಲ್ಲದ ಮಹಡಿಯ ಕೋಣೆಗೆ ಹಾಸುವುದೆಂದು ತೀರ್ಮಾನವಾಗಿತ್ತು. ಈ ಸಲ ನಾನು ಟೇಪಿನ ಒಂದು ತುದಿ ಹಿಡಿದೆ, ಅವನು ಇನ್ನೊಂದು. ಮೂರು ಕಡೆ ಅಗಲ, ಎರಡು ಕರ್ಣ. ಹಾಳೆ ಬಿಚ್ಚಿಟ್ಟು ಹೋಗಿ ಮರುದಿನ ಬಂದು ಕತ್ತರಿಸಿದ. ಅವನ ಕೈಯಲ್ಲಿ ಚಾಕು ಓಡುವ ಚಂದ ನೋಡಿ ನನಗೆ ನಾಚಿಕೆಯಾಯಿತು. ನನಗೆ ಗೊತ್ತಿದ್ದಿದ್ದು ಅವನಿಗೆ ಗೊತ್ತಿರಲಿಲ್ಲ. ಅವನ ಕೈಗೆ ಗೊತ್ತಿದ್ದಿದ್ದು ನಾಲ್ಕು ವರ್ಷ ಓದಿದರೂ ನನಗೆ ಬರುವುದಿಲ್ಲ. ‘ಇದೆಲ್ಲ ನಂಗೆ ಯಾರೂ ಹೇಳ್ಕೊಟ್ಟಿಲ್ಲ ಅಕ್ಕ. ಬೇರೆಯವ್ರು ಮಾಡೋದು ನೋಡ್ಕೊಂಡು ಕಲ್ತಿದ್ದು’ ಎಂದ. ನಮ್ಮ ಕಾಲೇಜಿನಲ್ಲಿ ಕೋಟಿಗಟ್ಟಲೆ ಬೆಲೆಯ ಕಟ್ಟಡದ ವಿನ್ಯಾಸ ಹೇಳಿಕೊಡುತ್ತಾರೆ. ಆ ಕಟ್ಟಡ ಕಟ್ಟುವ ಕೈಗಳ ಜೊತೆ ಮಾತಾಡುವುದನ್ನು ಯಾವ ಸೆಮಿಸ್ಟರಿನಲ್ಲೂ ಹೇಳಿಕೊಡುವುದಿಲ್ಲ. ನನ್ನ ಪ್ರಕಾರ ಇಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಒಂದು ತಿಂಗಳಾದರೂ ಗಾರೆಯವರು, ಟೈಲ್ಸ್‌ನವರು, ಪ್ಲಂಬರುಗಳ ಜೊತೆ ಕೆಲಸ ಮಾಡಬೇಕು. ಪ್ರಮಾಣಪತ್ರಕ್ಕಾಗಿ ಅಲ್ಲ, ಕಲಿಯುವುದಕ್ಕೆ. ಹಾಗೆಯೇ ಆ ಹುಡುಗನಂಥವರಿಗೂ ‘ಹೀಗೆ ಏಕೆ’ ಎಂದು ಯಾರಾದರೂ ಕೂತು ಹೇಳಿಕೊಡಬೇಕು.

ಹಾಲಿನ ನೆಲ ಮತ್ತೆ ಬಯಲಾಯಿತು. ಗಮ್ ಕೆರೆದು ತೆಗೆಯಲು ಎರಡು ಭಾನುವಾರ ಹಿಡಿಯಿತು. ಮಳೆ ನಿಂತು ನೆಲ ಒಣಗಿದ ಮೇಲೆ, ದಸರಾ ಕಳೆದು, ಊರಿನ ಹಳೆಯ ಗಾರೆ ಕೆಲಸದವರೊಬ್ಬರು ಬಂದು ಬಿರುಕುಗಳಿಗೆ ಬಣ್ಣ ಬೆರೆಸಿದ ಸಿಮೆಂಟ್ ತುಂಬಿ ಹೋದರು. ತೇಪೆ ಹಾಕಿದ್ದು ಕಾಣುತ್ತದೆ. ಕಾಣಲಿ. ಎಡವುವಂಥದ್ದು ಏನೂ ಇಲ್ಲ.

ಅಜ್ಜಿಯ ಭಯ ಮಾತ್ರ ನೆಲದಷ್ಟು ಬೇಗ ರಿಪೇರಿಯಾಗಲಿಲ್ಲ. ಗೋಡೆ ಹಿಡಿದು ಬಾಗಿಲವರೆಗೆ ಬಂದು, ಕಾಲಿನಿಂದ ನೆಲ ಸವರಿ ನೋಡಿ, ವಾಪಸ್ ಹೋಗುತ್ತಿದ್ದಳು. ದೀಪಾವಳಿ ರಜೆಗೆ ನಾನು ಹೋದ ದಿನ ಸಂಜೆ ಕುರ್ಚಿಯಲ್ಲಿ ಕೂತಿದ್ದಳು. ಖುಷಿಯಿಂದ ಪಕ್ಕ ಹೋಗಿ ಕೂತೆ. ಕಾಲ ಬುಡದ ತೇಪೆಯನ್ನು ಬೆರಳಿನಿಂದ ತೋರಿಸಿ, ‘ಇದು ಬಣ್ಣ ಸರಿ ಹೊಂದಿಲ್ಲ ನೋಡು. ಅವ್ನನ್ನ ಕರೆದು ಕೇಳು ಅಂತ ನಿಮ್ಮಪ್ಪಂಗೆ ಹೇಳು’ ಎಂದಳು.

ಹೇಳುತ್ತೇನೆ ಅಜ್ಜಿ ಎಂದೆ. ಹೇಳಿದೆ ಕೂಡ.